ಅಂಚಿನಲ್ಲಿ ಬರೆದ ‘ಇರಲಿ’

ಜನವರಿ 7

ಅಕ್ಕನಿಗೆ,

ಯೋಗಕ್ಷೇಮ ವಿಚಾರಿಸುವಷ್ಟು ನಂಟು ನಮ್ಮಲ್ಲಿ ಉಳಿದಿಲ್ಲ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಅಮ್ಮ ತೀರಿಕೊಂಡಾಗ ಒಂದು ವಾರ ಒಂದೇ ಮನೆಯಲ್ಲಿದ್ದೂ, ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದನ್ನು ಪಕ್ಕದ ಮನೆಯವರ ಬಾಯಿಂದ ಕೇಳಿಸಿದವಳು ನೀನು. ಆರು ವರ್ಷವಾಯಿತು. ಈಗಲೂ ಮಾತಾಡುವ ಆಸೆಯಿಂದ ಬರೆಯುತ್ತಿಲ್ಲ, ಬೇರೆ ಗತಿಯಿಲ್ಲದೆ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಲಾಂಡ್ರಿಯಲ್ಲಿ ನಾನು ಹಾಸಿಗೆಬಟ್ಟೆ ಮಡಿಸಲು ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು. ನಮ್ಮ ಬಟ್ಟೆ ಉಗ್ರಾಣದ ಮೇಲ್ವಿಚಾರಕಿ ಮೇ ಕೊನೆಗೆ ನಿವೃತ್ತಿಯಾಗುತ್ತಾರೆ. ಆ ಜಾಗ ನನಗೇ ಕೊಡುತ್ತಾರಂತೆ, ಹತ್ತನೇ ತರಗತಿ ಪಾಸಾಗಿದ್ದರೆ, ವಯಸ್ಸು ನಲವತ್ತು ದಾಟದೇ ಇದ್ದರೆ. ಆಗಸ್ಟ್‌ನಲ್ಲಿ ನನಗೆ ನಲವತ್ತು. ಉಳಿದ ವಿಷಯಗಳೆಲ್ಲ ಆಗಲೇ ಪಾಸಾಗಿರುವುದು ನಿನಗೆ ಗೊತ್ತು. ಗಣಿತ ಒಂದೇ ಬರೆದರೆ ಸಾಕಂತೆ. ಪರೀಕ್ಷೆ ಏಪ್ರಿಲ್ 4ಕ್ಕೆ. ಇದು ತಪ್ಪಿದರೆ ಇನ್ನೊಂದು ಸಲ ಎಂಬುದಿಲ್ಲ. ಒದ್ದೆ ಬಟ್ಟೆ ಎಳೆದೂ ಎಳೆದೂ ನನ್ನ ಬಲಗೈ ಮಣಿಕಟ್ಟು ಸಂಜೆ ಹೊತ್ತಿಗೆ ಊದಿಕೊಳ್ಳುತ್ತದೆ. ಇನ್ನೆರಡು ವರ್ಷಕ್ಕಿಂತ ಹೆಚ್ಚು ಮಡಿಸಲು ಈ ಕೈ ಒಪ್ಪುವುದಿಲ್ಲ.

ಪುಸ್ತಕ ತೆಗೆದು ನೋಡಿದೆ. ಹದಿನೈದು ಅಧ್ಯಾಯ, ಮೂರು ತಿಂಗಳು. ಎಲ್ಲವನ್ನೂ ಓದುವುದು ನನ್ನಿಂದಾಗದು. ಇಪ್ಪತ್ತು ವರ್ಷದಿಂದ ಉತ್ತರ ಪತ್ರಿಕೆ ತಿದ್ದುತ್ತಿರುವ ಗಣಿತದ ಟೀಚರ್ ನೀನು. ಯಾವುದನ್ನು ಮೊದಲು ಓದಬೇಕು, ಯಾವುದನ್ನು ಬಿಡಬೇಕು, ಅಷ್ಟು ಹೇಳು. ಉಪದೇಶ ಬೇಡ. ಫೋನ್ ಮಾಡಬೇಡ, ನಿನ್ನ ದನಿ ಕೇಳಿದರೆ ನನಗೆ ಲೆಕ್ಕ ನೆನಪಿರುವುದಿಲ್ಲ, ಬೈಗುಳ ಮಾತ್ರ ನೆನಪಿರುತ್ತದೆ.

ಇಂತಿ,
ನಿನ್ನ ತಂಗಿ (ಹೌದು, ಇನ್ನೂ)


ಜನವರಿ 15

ತಂಗಿಗೆ,

ನಿನ್ನ ಪತ್ರವನ್ನು ತಿದ್ದಿ ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ. ಒಂದೂವರೆ ಪುಟದಲ್ಲಿ ಒಂಬತ್ತು ತಪ್ಪು. ‘ವಿಷಯ’ವನ್ನು ‘ವಿಶಯ’ ಎಂದು ಬರೆದಿದ್ದೀಯ, ಅದೂ ಎರಡು ಸಲ. ಅಪ್ಪ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕೂತು ಊರಿನವರ ಕರಡನ್ನೆಲ್ಲ ತಿದ್ದಿದರು, ಮನೆಯಲ್ಲಿದ್ದ ಮಗಳನ್ನು ತಿದ್ದಲು ಮಾತ್ರ ಪುರುಸೊತ್ತಾಗಲಿಲ್ಲ. ಅವರ ಕೆಂಪು ಪೆನ್ನು ಈಗಲೂ ನನ್ನ ಬಳಿ ಇದೆ. ಅದರಲ್ಲೇ ತಿದ್ದಿದ್ದೇನೆ, ನೋಡಿಕೋ.

‘ಯಾವುದನ್ನು ಬಿಡಬೇಕು’ ಎಂದು ಕೇಳಿದ್ದೀಯ. ನನ್ನ ಮಕ್ಕಳೂ ಜೂನ್ ಮೊದಲನೇ ದಿನವೇ ಇದನ್ನೇ ಕೇಳುತ್ತವೆ. “ಮಿಸ್, ಯಾವ ಚಾಪ್ಟರ್ ಚಾಯ್ಸ್‌ಗೆ ಬಿಡ್ಬಹುದು?” ಪುಸ್ತಕದ ಬೈಂಡಿನ ವಾಸನೆ ಇನ್ನೂ ಹೋಗಿರುವುದಿಲ್ಲ, ಆಗಲೇ ಬಿಡುವ ಯೋಚನೆ. ನಿನಗೆ ಅವರಿಗಿಂತ ಇಪ್ಪತ್ಮೂರು ವರ್ಷ ಹೆಚ್ಚು ಪುರುಸೊತ್ತು ಸಿಕ್ಕಿತ್ತು, ಬುದ್ಧಿ ಮಾತ್ರ ಅದೇ ಬೆಂಚಿನಲ್ಲಿ ಕೂತಿದೆ.

ನಿನಗೆ ಏನು ಬರುತ್ತದೆ ಎಂದು ತಿಳಿಯದೆ ಯಾವುದನ್ನು ಓದಬೇಕೆಂದು ಹೇಳಲು ನಾನೇನು ಜ್ಯೋತಿಷಿಯಲ್ಲ. ಹತ್ತು ಲೆಕ್ಕ ಕಳಿಸಿದ್ದೇನೆ. ಪುಸ್ತಕ ಮುಚ್ಚಿಟ್ಟು, ಯಾರನ್ನೂ ಕೇಳದೆ ಮಾಡಿ ಕಳಿಸು. ಬರದಿದ್ದರೆ ಬರಲಿಲ್ಲ ಎಂದು ಬರೆ. ಸುಳ್ಳು ಉತ್ತರ ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ನನ್ನ ಮುಂದೆ ಆ ಆಟ ನಡೆಯುವುದಿಲ್ಲ.

ಇಂತಿ,
ಅಕ್ಕ


ಜನವರಿ 27

ಅಕ್ಕನಿಗೆ,

ಹತ್ತು ಲೆಕ್ಕ ಇದರೊಳಗಿದೆ. ತಿಂಡಿಯ ಬಿಡುವಿನಲ್ಲಿ, ಮಡಿಸುವ ಮೇಜಿನ ಮೇಲೆ ಕೂತು ಮಾಡಿದ್ದು. ಹಬೆ ತಗುಲಿ ಹಾಳೆ ಸುರುಟಿಕೊಂಡಿದೆ, ಅದಕ್ಕೂ ಕೆಂಪು ಗೆರೆ ಹಾಕಬೇಡ. ಮೂರು ಲೆಕ್ಕ ತಲೆಗೇ ಹತ್ತಲಿಲ್ಲ, ಹಾಗೆಂದೇ ಬರೆದಿದ್ದೇನೆ. ಸತ್ಯ ಬರೆದರೆ ನೀನು ಅಂಕ ಕೊಡುವುದಿಲ್ಲ ಎಂದು ಗೊತ್ತು.

ನೀನು ಜ್ಯೋತಿಷಿ ಅಲ್ಲದಿದ್ದರೇನು, ಇಲ್ಲೊಬ್ಬ ಇದ್ದಾನೆ. ಬಸ್ ನಿಲ್ದಾಣದ ಹಿಂದೆ ಮಹಡಿಯ ಮೇಲೆ ಟ್ಯೂಶನ್ ಮಾಡುತ್ತಾನೆ. ಎಲ್ಲರೂ ಅವನನ್ನು ಗ್ಯಾರಂಟಿ ಮೇಷ್ಟ್ರು ಎನ್ನುತ್ತಾರೆ. ಹತ್ತು ಪುಟದ ಒಂದು ಪುಸ್ತಿಕೆ ಮಾರುತ್ತಾನೆ. ನಮ್ಮ ಇಸ್ತ್ರಿಯಕ್ಕ, ಅಂದರೆ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರ ನೋಡಿಕೊಳ್ಳುವವಳು, ಮಗಳಿಗೆಂದು ತಂದಿದ್ದಳು. “ಇಷ್ಟು ಓದಿದ್ರೆ ಸಾಕಂತೆ ಕಣೇ, ಇದ್ರಾಚೆಗೆ ಒಂದು ಪ್ರಶ್ನೆನೂ ಬರಲ್ವಂತೆ,” ಎಂದಳು. ತೆಗೆದು ನೋಡಿದೆ. ಮೂರನೇ ಪುಟದ ಉತ್ತರವೇ ತಪ್ಪು. ನನಗೇ ತಪ್ಪು ಎಂದು ಕಂಡರೆ ಅದೆಂಥ ತಪ್ಪಿರಬೇಕು, ನೀನೇ ಲೆಕ್ಕ ಹಾಕು. ವಾಪಸ್ ಕೊಟ್ಟೆ.

ಹಾಗಂತ ನಿನ್ನ ಮೇಲೆ ನಂಬಿಕೆ ಬಂತು ಎಂದು ಬೀಗಬೇಡ. ಇಬ್ಬರಲ್ಲಿ ನೀನು ಸ್ವಲ್ಪ ಕಡಿಮೆ ಮೋಸ, ಅಷ್ಟೆ.

ಇಂತಿ,
ಅದೇ ಬೆಂಚಿನಲ್ಲಿ ಕೂತಿರುವವಳು


ಫೆಬ್ರವರಿ 5

ತಂಗಿಗೆ,

ನಾಲ್ಕು ಸರಿ, ಮೂರು ಅರ್ಧ, ಮೂರು ಸೊನ್ನೆ. ನಾನು ಎರಡೇ ಸರಿ ಎಂದುಕೊಂಡಿದ್ದೆ.

ಐದು ಸಂಖ್ಯೆಗಳ ಮಧ್ಯಾಂಕ ಕೇಳಿದರೆ, ಅವನ್ನು ಏರಿಕೆ ಕ್ರಮದಲ್ಲಿ ಬರೆದುಕೊಳ್ಳದೆ, 3, 9, 1, 7, 5ರಲ್ಲಿ ನಡುವೆ ಕೂತಿದೆಯಲ್ಲ ಎಂದು ಒಂದನ್ನು ಎತ್ತಿಕೊಂಡಿದ್ದೀಯ. ದಿನವಿಡೀ ಹಾಸಿಗೆಬಟ್ಟೆಗಳನ್ನು ಅಳತೆ ಪ್ರಕಾರ ಸಾಲಾಗಿ ಜೋಡಿಸುವವಳು ಐದು ಸಂಖ್ಯೆ ಜೋಡಿಸಲಾರೆಯಾ? ಸಮೀಕರಣದಲ್ಲಿ ಐದನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುವಾಗ ಅದರ ಚಿಹ್ನೆ ಬದಲಾಗುವುದೇ ಇಲ್ಲ. ನಿನ್ನ ಐದು ನಿನ್ನಷ್ಟೇ ಹಟಮಾರಿ.

ಈಗ ಕೇಳು, ಒಂದೇ ಸಲ ಹೇಳುತ್ತೇನೆ. ಓದುವವರಲ್ಲಿ ಎರಡು ಬಗೆಯ ಮೂರ್ಖರಿದ್ದಾರೆ. ಒಬ್ಬರು ಬರುವ ಲೆಕ್ಕವನ್ನೇ ದಿನಾ ಮಾಡುತ್ತಾ ಕೂರುತ್ತಾರೆ, ಯಾಕೆಂದರೆ ಅದು ಸುಖ. ಇನ್ನೊಬ್ಬರು ಎಲ್ಲಕ್ಕಿಂತ ಕಷ್ಟದ್ದಕ್ಕೆ ಮೊದಲು ಕೈಹಾಕಿ ಒಂದು ವಾರದಲ್ಲಿ ಪುಸ್ತಕ ಮೂಲೆಗೆ ಎಸೆಯುತ್ತಾರೆ. ಅಂಕ ಇರುವುದು ಅರ್ಧ ಬರುವುದರಲ್ಲಿ. ಅರ್ಧ ಬರುವುದನ್ನು ಪೂರ್ತಿ ಮಾಡಲು ಎರಡು ದಿನ ಸಾಕು, ಸೊನ್ನೆಯಿಂದ ಶುರು ಮಾಡಲು ಎರಡು ವಾರ ಬೇಕು. ಆದ್ದರಿಂದ ಸಂಖ್ಯಾಶಾಸ್ತ್ರ, ಶ್ರೇಢಿ, ಜೋಡಿ ಸಮೀಕರಣ ಮೊದಲು. ಆಮೇಲೆ ತ್ರಿಭುಜದ ಪ್ರಮೇಯ ಎರಡನ್ನು ಉರುಹೊಡೆ. ಅರ್ಥವಾಗುವವರೆಗೆ ಕಾಯಬೇಡ, ಅಷ್ಟು ಸಮಯವಿಲ್ಲ. ತ್ರಿಕೋನಮಿತಿಯ ಹತ್ತಿರ ಸುಳಿಯಬೇಡ.

ಎಲ್ಲ ಅಧ್ಯಾಯಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ. ಮೂವತ್ತೈದು ಬಂದರೆ ಪಾಸು. ನಿನಗಾಗಿ ನಲವತ್ತೈದಕ್ಕೆ ಲೆಕ್ಕ ಹಾಕಿದ್ದೇನೆ, ಹತ್ತು ಅಂಕ ನೀನು ಹೇಗೂ ಗಾಳಿಗೆ ತೂರುತ್ತೀಯ.

ಇಂತಿ,
ಅಕ್ಕ


ಫೆಬ್ರವರಿ 14

ಅಕ್ಕನಿಗೆ,

ಪಟ್ಟಿ ತಲುಪಿತು. ಓದಿ ಮುಗಿಸಿದ ಮೇಲೆ ಒಂದು ಟ್ರಾಲಿ ತುಂಬ ದಿಂಬಿನ ಚೀಲ ಮಡಿಸಿದೆ, ಆಮೇಲೆ ಇದನ್ನು ಬರೆಯಲು ಕೂತೆ.

ಕೈವಾರ ಹಿಡಿದು ಆಕೃತಿ ಎಳೆಯುವ ರಚನೆಯ ಅಧ್ಯಾಯದ ಮೇಲೆ ಗೀಟು. ಪಕ್ಕದ ಅಂಚಿನಲ್ಲಿ ‘ಇರಲಿ’. ಅದೇ ಅಧ್ಯಾಯ, ಅದೇ ಗೀಟು, ಅದೇ ಪದ, ಅದೇ ಕೆಂಪು ಶಾಯಿ! ಇಪ್ಪತ್ಮೂರು ವರ್ಷದಲ್ಲಿ ಹೊಸದೊಂದು ಮೋಸ ಕಲಿಯಲಿಲ್ಲವಲ್ಲ ನೀನು.

ನಿನಗೆ ಮರೆತಿರಬಹುದು. ಪರೀಕ್ಷೆಗೆ ಇಪ್ಪತ್ತು ದಿನ ಇದ್ದಾಗ ಕಾಲೇಜಿನ ಹಾಸ್ಟೆಲ್‌ನಿಂದ ನನಗೊಂದು ಪಟ್ಟಿ ಕಳಿಸಿದ್ದೆ. ಪ್ರೆಸ್ಸಿನ ರದ್ದಿ ಹಾಳೆಯ ಹಿಂಬದಿಯಲ್ಲಿ ಬರೆದದ್ದು. ಅಕ್ಕ ಹೇಳಿದ ಮೇಲೆ ಮುಗಿಯಿತು ಎಂದು ನಾನು ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ನೀನು ಬಿಡು ಎಂದದ್ದನ್ನು ಬಿಟ್ಟೆ. ಪರೀಕ್ಷೆಯಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆಯುವ ಲೆಕ್ಕ ಬಂತು, ಇನ್ನೊಂದು ರಚನೆಯೂ ಬಂತು. ಒಟ್ಟು ಎಂಟು ಅಂಕ. ನನಗೆ ಬಂದದ್ದು ಮೂವತ್ತೊಂದು.

ಫಲಿತಾಂಶದ ದಿನ ಅಪ್ಪ ನಿನ್ನನ್ನು ನಡುಮನೆಗೆ ಕರೆದು ಕೇಳಿದರು, “ನೀನು ಹೇಳಿಕೊಟ್ಟಿದ್ಯಲ್ಲ, ಆದ್ರೂ ಹೇಗೆ ಹೋಯ್ತು?” ನಾನು ಬಾಗಿಲ ಹಿಂದೆ ನಿಂತಿದ್ದೆ. ನೀನು ಹೇಳಿದ್ದು ಒಂದಕ್ಷರವೂ ಮರೆತಿಲ್ಲ. “ನಾನು ಇರಲಿ ಅಂತ ಬರೆದಿದ್ದೆ ಅಪ್ಪ. ಅವಳು ಓದಿಲ್ಲ. ಅವಳಿಗೆ ಮನಸ್ಸಿಲ್ಲ, ಇನ್ನೊಂದ್ಸಲ ಕಟ್ಸೋದು ದಂಡ, ಬಿಡಿ.” ಬಿಡು ಎಂದು ಬರೆದವಳೇ, ಬಿಟ್ಟಿದ್ದಾಳೆ ಎಂದು ಚಾಡಿ ಹೇಳಿದೆ. ಅಪ್ಪ ತಲೆಯಾಡಿಸಿದರು. ಮುಂದಿನ ವರ್ಷ ನಾನು ಲಾಂಡ್ರಿ ಸೇರಿದೆ.

ಈ ಸಲ ನೀನು ಬಿಡು ಎಂದದ್ದನ್ನೆಲ್ಲ ಮೊದಲು ಓದುತ್ತೇನೆ. ಅದಕ್ಕಾದರೂ ನಿನ್ನ ಪಟ್ಟಿ ಉಪಯೋಗಕ್ಕೆ ಬರುತ್ತದೆ.

ಇಂತಿ,
ಮನಸ್ಸಿಲ್ಲದವಳು


ಫೆಬ್ರವರಿ 20

ತಂಗಿಗೆ,

ನಿನ್ನ ಪತ್ರ ತಿದ್ದಲಿಲ್ಲ. ತಿದ್ದಿ ಸರಿಹೋಗುವ ಪತ್ರ ಅದಲ್ಲ.

ಬಿಡು ಎಂದು ನಾನು ಬರೆದದ್ದೆಲ್ಲಿ? ಆಗ ಬರೆದೆನೇ, ಈಗ ಬರೆದೆನೇ? ರಚನೆಯನ್ನು ಮೊದಲು ಹೊಡೆದುಹಾಕಿದ್ದು ನಿಜ, ನಿನ್ನ ಕೈಬರಹ ನೋಡಿದರೆ ಕೈವಾರ ಹಿಡಿಯುವವಳ ಹಾಗೆ ಕಾಣಲಿಲ್ಲ. ಆಮೇಲೆ ಯೋಚಿಸಿದೆ. ನಾಲ್ಕು ಹೆಜ್ಜೆಯ ಕೆಲಸ, ತಲೆ ಬೇಕಿಲ್ಲ, ನಾಲ್ಕು ಅಂಕ ಕೈಗೆ ಬರುತ್ತದೆ. ಅದಕ್ಕೇ ಪಕ್ಕದಲ್ಲಿ ಇರಲಿ ಎಂದು ಬರೆದೆ. ಇರಲಿ ಅಂದರೆ ಇರಲಿ. ತೆಗೆಯಬೇಡ, ಉಳಿಸಿಕೋ, ಓದು. ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಬರೆಯಬೇಕಿತ್ತು? ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರಿಗೂ ಅರ್ಥವಾಗುತ್ತಿತ್ತು. ಅಪ್ಪ ಕರಡಿನಲ್ಲಿ ಒಂದು ಪದ ಹೊಡೆದು, ಮನಸ್ಸು ಬದಲಾಯಿಸಿದರೆ, ಅಂಚಿನಲ್ಲಿ ಇರಲಿ ಎಂದು ಬರೆಯುತ್ತಿದ್ದರು. ಆ ಪದ ಅಚ್ಚಾಗಿ ಬರುತ್ತಿತ್ತು.

ಓದದೆ ನಪಾಸಾದವಳು ಇಪ್ಪತ್ಮೂರು ವರ್ಷ ಕೂತು ನೆಪ ಹೆಣೆದಿದ್ದೀಯ. ಇಷ್ಟು ಶ್ರಮವನ್ನು ಆಗ ಒಂದು ವೃತ್ತದ ಮೇಲೆ ಹಾಕಿದ್ದರೆ ಸಾಕಿತ್ತು.

ಅಕ್ಕ


ಫೆಬ್ರವರಿ 26

ಅಕ್ಕನಿಗೆ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಮೊದಲೆರಡು ಸಲ ಸಿಟ್ಟಿನಿಂದ. ಮೂರನೇ ಸಲ, ನಾನು ದಡ್ಡಿಯೇ ಇರಬಹುದು ಎಂಬ ಅನುಮಾನದಿಂದ. ನಾಲ್ಕನೇ ಸಲ ಏನೆಂದು ಗೊತ್ತಿಲ್ಲ.

ನೀನು ಶಾಲೆ ಬಿಟ್ಟ ಕೂಡಲೇ ಪ್ರೆಸ್ಸಿಗೆ ಹೋಗುತ್ತಿದ್ದೆ. ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತು ಅವರಿಗೆ ಕರಡು ಓದಿ ಹೇಳುತ್ತಿದ್ದೆ. ನಾನು ಅಮ್ಮನ ಜೊತೆ ಮನೆಯಲ್ಲಿರುತ್ತಿದ್ದೆ. ಪ್ರೆಸ್ಸಿನ ಒಳಗಡೆ ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಬಾಗಿಲವರೆಗೆ ಬುತ್ತಿ ಕೊಟ್ಟು ಬಂದದ್ದಷ್ಟೇ. ನನಗೆ ಗೊತ್ತಿದ್ದದ್ದು ಅಮ್ಮನ ಇರಲಿ. “ಅಮ್ಮ, ಹೊಸ ಚಪ್ಪಲಿ?” “ಇರಲಿ.” “ಅಮ್ಮ, ನಾನೂ ಅಕ್ಕನ ಜೊತೆ ಹೋಗ್ಲಾ?” “ಇರಲಿ ಬಿಡೇ, ಇನ್ನೊಂದ್ಸಲ ನೋಡೋಣ.” ಅಮ್ಮ ಇರಲಿ ಎಂದ ಯಾವುದೂ ಆಮೇಲೆ ಬರಲಿಲ್ಲ. ಆ ಪದ ಕೇಳಿದರೆ ಕೇಳುವುದನ್ನು ನಿಲ್ಲಿಸಬೇಕು ಎಂದು ನಾನು ಕಲಿತಿದ್ದೆ. ಒಂದು ಅಧ್ಯಾಯದ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಇರಲಿ ಎಂದು ಬರೆದಿದ್ದರೆ, ನನ್ನಂಥವಳು ಅದನ್ನು ಓದು ಎಂದು ಹೇಗೆ ತಿಳಿಯಬೇಕಿತ್ತು? ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟು, ಕತ್ತಲೆಯಾಯಿತು ಎಂದು ನನ್ನ ಮೇಲೆ ಹಾಕಿದೆ.

ಹಳೆಯ ಪಟ್ಟಿ ನನ್ನ ಬಳಿ ಇದೆ. ನಿನ್ನ ಮೇಲೆ ಸಿಟ್ಟು ಕಡಿಮೆಯಾದಾಗ ತೆಗೆದು ನೋಡಲೆಂದು ಇಟ್ಟುಕೊಂಡಿದ್ದೆ. ಅದನ್ನು ಕಳಿಸಿದ್ದೇನೆ. ನಿನ್ನ ಕಣ್ಣಿನಿಂದಲ್ಲ, ಪ್ರೆಸ್ಸಿನೊಳಗೆ ಕಾಲಿಡದವಳ ಕಣ್ಣಿನಿಂದ ಓದು.

ಇಂತಿ,
ತಂಗಿ


ಮಾರ್ಚ್ 19

ಅಕ್ಕನಿಗೆ,

ಮೂರು ವಾರವಾಯಿತು, ಉತ್ತರವಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆ ಎಂದು ನನಗೆ ಹೇಳಿದವಳು ನೀನು.

ಪರೀಕ್ಷೆಗೆ ಹದಿನಾರು ದಿನ ಇದೆ. ಶ್ರೇಢಿ ಬರುತ್ತದೆ. ಮಧ್ಯಾಂಕ ಬರುತ್ತದೆ, ಈಗ ನಿದ್ದೆಯಲ್ಲೂ ಸಂಖ್ಯೆ ಜೋಡಿಸುತ್ತೇನೆ. ಐದು ದಾಟುವಾಗ ಚಿಹ್ನೆ ಬದಲಾಯಿಸುತ್ತದೆ. ಪ್ರಮೇಯ ಎರಡೂ ಬಾಯಿಪಾಠ, ಅರ್ಥ ಮಾತ್ರ ಕೇಳಬೇಡ. ರಚನೆ ಒಬ್ಬಳೇ ಕಲಿಯಲು ನೋಡಿದೆ. ಇಸ್ತ್ರಿಯಕ್ಕನ ಮಗಳ ಕೈವಾರ ತಂದು, ಬಟ್ಟೆ ಚೀಟಿಗಳ ಹಿಂದೆ ವೃತ್ತ ಎಳೆಯುತ್ತೇನೆ. ವೃತ್ತ ದುಂಡಗೆ ಬರುತ್ತದೆ. ಹೊರಗಿನ ಬಿಂದುವಿನಿಂದ ಅದಕ್ಕೆ ತಾಗಿಯೂ ತಾಗದ ಹಾಗೆ ಗೆರೆ ಎಳೆಯುವುದು ಮಾತ್ರ ಬರುತ್ತಿಲ್ಲ. ಪುಸ್ತಕ ಹೇಳುವುದು ಗ್ಯಾರಂಟಿ ಮೇಷ್ಟ್ರಿಗೂ ಅರ್ಥವಾಗಿರಲಿಕ್ಕಿಲ್ಲ.

ಹೇಳಿಕೊಡುತ್ತೀಯೋ ಇಲ್ಲವೋ, ಒಂದು ಸಾಲು ಬರೆ. ಕಾಯುವುದು ನನಗೆ ಅಭ್ಯಾಸವಾಗಿದೆ, ಸಮಯಕ್ಕೆ ಆಗಿಲ್ಲ.

ತಂಗಿ


ಮಾರ್ಚ್ 23

ತಂಗಿಗೆ,

ಉತ್ತರ ಗೊತ್ತಿರಲಿಲ್ಲ. ಅದನ್ನು ಬರೆಯಲು ಮೂರು ವಾರ ಬೇಕಾಯಿತು.

ಆ ಹಳೆಯ ಪಟ್ಟಿ ಬಂದ ದಿನ, ನೀನು ಹೇಳುತ್ತಿರುವುದು ಸುಳ್ಳು ಎಂದು ಸಾಧಿಸಲು ಹೊರಟೆ. ಒಂದು ಹಾಳೆಯ ಮೇಲೆ ಅಧ್ಯಾಯಗಳ ಪಟ್ಟಿ ಬರೆದು, ಒಂದರ ಮೇಲೆ ಗೀಟೆಳೆದು, ಅಂಚಿನಲ್ಲಿ ಇರಲಿ ಎಂದು ಬರೆದು, ಸ್ಟಾಫ್ ರೂಮಿನಲ್ಲಿ ಒಂಬತ್ತು ಜನಕ್ಕೆ ತೋರಿಸಿದೆ. “ಇದನ್ನ ಓದ್ಬೇಕೋ, ಬಿಡ್ಬೇಕೋ?” ಎಂಟು ಜನ ಬಿಡಬೇಕು ಎಂದರು. ಕನ್ನಡ ಹೇಳಿಕೊಡುವವರೂ ಬಿಡಬೇಕು ಎಂದರು! ಒಂಬತ್ತನೆಯವರು ದೈಹಿಕ ಶಿಕ್ಷಣದವರು, “ನಿಮ್ಮ ಟೀ ಆರ್ತಾ ಇದೆ ಮೇಡಂ,” ಎಂದರು. ಸಂಭವನೀಯತೆ ನಿನಗೆ ತಲೆಗೆ ಹತ್ತದಿದ್ದರೆ ಇದನ್ನೇ ನೆನಪಿಟ್ಟುಕೋ, ಒಂಬತ್ತರಲ್ಲಿ ಎಂಟು.

ಸಂಜೆ ಮನೆಗೆ ಬಂದು ಅಡುಗೆಮನೆಯಲ್ಲಿ ಚಪ್ಪಲಿ ಕಳಚದೆ ನಿಂತೇ ಇದ್ದೆ. ಇಷ್ಟು ವರ್ಷ ನಿನ್ನನ್ನು ಸೋಮಾರಿ ಎಂದುಕೊಂಡಿದ್ದೆ. ಹೇಳಿಕೊಟ್ಟದ್ದನ್ನೂ ಓದದವಳು ಎಂದು ಒಳಗೊಳಗೇ ಮೂಗು ಮುರಿಯುತ್ತಿದ್ದೆ. ತರಗತಿಯಲ್ಲಿ ಓದದ ಮಕ್ಕಳಿಗೆ ನಿನ್ನನ್ನೇ ಉದಾಹರಣೆ ಕೊಟ್ಟಿದ್ದೇನೆ, ಹೆಸರು ಹೇಳದೆ. ಎಷ್ಟು ಸಲ ಎಂದು ಕೇಳಬೇಡ. ಪ್ರತಿ ವರ್ಷ.

ಆ ದಿನ ನಡುಮನೆಯಲ್ಲಿ ನಾನು ಇರಲಿ ಎಂದಾಗ ಅಪ್ಪನಿಗೆ ಥಟ್ಟನೆ ಅರ್ಥವಾಯಿತು, ಯಾಕೆಂದರೆ ಅದು ಅವರದೇ ಪದ. ಇಬ್ಬರು ಪ್ರೆಸ್ಸಿನವರು ಕೂತು ನಮ್ಮಿಬ್ಬರದೇ ಭಾಷೆಯಲ್ಲಿ ನಿನ್ನ ತೀರ್ಪು ಬರೆದೆವು. ಬಾಗಿಲ ಹಿಂದೆ ನೀನಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕರೆದು ಕೇಳುತ್ತಿದ್ದೆನೇ ಎಂದು ಯೋಚಿಸಿದೆ. ಕೇಳುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, “ಯಾಕೆ ಓದ್ಲಿಲ್ಲ?” ಎಂದು. ಅದನ್ನು ಕೇಳಲಿಲ್ಲ. ನನ್ನದು ತಪ್ಪು. ಕೈಬರಹದ ತಪ್ಪಲ್ಲ, ಕಾಗುಣಿತದ ತಪ್ಪಲ್ಲ. ತಿದ್ದಲು ಬರುವಂಥದ್ದೂ ಅಲ್ಲ. ನಿನ್ನ ಮಣಿಕಟ್ಟಿನ ಊತದಲ್ಲಿ ನನ್ನ ಪಾಲಿದೆ ಎಂದು ಗೊತ್ತಾದ ಮೇಲೆ ನನಗೆ ನಾಚಿಕೆಯಾಗಿದೆ.

ಆ ಪದವನ್ನು ಇನ್ನು ಮುಂದೆ ನನ್ನ ಪೆನ್ನಿನಲ್ಲಿ ಬರೆಯುವುದಿಲ್ಲ.

ಈಗ ಕೈವಾರ ತೆಗೆ. ವೃತ್ತದ ಕೇಂದ್ರವನ್ನೂ ಹೊರಗಿನ ಬಿಂದುವನ್ನೂ ಒಂದು ಗೆರೆಯಿಂದ ಸೇರಿಸು. ಆ ಗೆರೆಯನ್ನು ಅರ್ಧ ಮಾಡಿ ನಡುಬಿಂದು ಹುಡುಕು. ಅಲ್ಲಿ ಮುಳ್ಳು ಊರಿ, ಕೇಂದ್ರದವರೆಗೆ ಕೈವಾರ ತೆರೆದು, ಇನ್ನೊಂದು ವೃತ್ತ ಎಳೆ. ಎರಡು ವೃತ್ತಗಳು ಎರಡು ಕಡೆ ಕತ್ತರಿಸುತ್ತವೆ. ಹೊರಗಿನ ಬಿಂದುವಿನಿಂದ ಆ ಎರಡು ಜಾಗಕ್ಕೆ ಗೆರೆ ಎಳೆ. ಮುಗಿಯಿತು. ಅಳಿಸಬೇಡ, ಸಹಾಯದ ಗೆರೆಗಳಿಗೂ ಅಂಕ ಇದೆ. ಪೆನ್ಸಿಲ್ ಚೂಪಾಗಿರಬೇಕು, ನಿನ್ನ ನಾಲಿಗೆಯಷ್ಟು ಸಾಕು.

ಹೊಸ ಪಟ್ಟಿ ಇಟ್ಟಿದ್ದೇನೆ. ಎರಡೇ ಪದ ಬಳಸಿದ್ದೇನೆ, ಓದು ಮತ್ತು ಬಿಡು. ರಚನೆಯಲ್ಲಿ ಸ್ಪರ್ಶಕ, ಓದು. ರೇಖಾಖಂಡವನ್ನು ಅನುಪಾತದಲ್ಲಿ ಭಾಗ ಮಾಡುವುದು, ಬಿಡು.

ಅಕ್ಕ


ಏಪ್ರಿಲ್ 5

ಅಕ್ಕನಿಗೆ,

ಬರೆದು ಬಂದೆ. ಕೊಠಡಿಯ ತುಂಬ ಹದಿನಾರು ವರ್ಷದವರು. ನಾನು ಒಳಗೆ ಹೋದಾಗ ಮೇಲ್ವಿಚಾರಕಿ ಎಂದು ತಿಳಿದು ಎಲ್ಲರೂ ಎದ್ದು ನಿಂತರು. ನಾನು ಬೆಂಚಿನಲ್ಲಿ ಕೂತ ಮೇಲೆ ಪಕ್ಕದ ಹುಡುಗಿ, “ಆಂಟಿ, ನಿಮ್ಮ ಹತ್ರ ಇನ್ನೊಂದು ರಬ್ಬರ್ ಇದ್ಯಾ?” ಎಂದಳು. ಮಾನ ಹೋದದ್ದು ಅಷ್ಟೇ ಹೊತ್ತು.

ನೀನು ಹೇಳಿದ ಹಾಗೆ ಅರ್ಧ ಬರುತ್ತಿದ್ದವನ್ನು ಮೊದಲು ಮುಗಿಸಿದೆ. ಮಧ್ಯಾಂಕ ಜೋಡಿಸಿದೆ. ಪ್ರಮೇಯ ಗಿಳಿಯ ಹಾಗೆ ಬರೆದೆ. ಆಮೇಲೆ ರಚನೆಯ ಪ್ರಶ್ನೆಗೆ ಬಂದೆ.

ಸ್ಪರ್ಶಕ ಬರಲಿಲ್ಲ ಅಕ್ಕ. ಇಪ್ಪತ್ಮೂರು ವರ್ಷ ನಾವಿಬ್ಬರೂ ಮುಖ ತಿರುಗಿಸಿಕೊಂಡು ಕೂತದ್ದು ಯಾವುದರ ಮೇಲೋ, ಅದು ಬರಲೇ ಇಲ್ಲ. ಬಂದದ್ದು ರೇಖಾಖಂಡ, ಮೂರಕ್ಕೆ ಎರಡರ ಅನುಪಾತ. ನಿನ್ನ ಹೊಸ ಪಟ್ಟಿಯಲ್ಲಿ ಬಿಡು ಎಂದು ದಪ್ಪಗೆ ಬರೆದದ್ದು. ಇಪ್ಪತ್ತು ವರ್ಷ ಪತ್ರಿಕೆ ತಿದ್ದಿದವಳ ಭವಿಷ್ಯ ಇದು! ಬಸ್ ನಿಲ್ದಾಣದ ಹಿಂದೆ ಇನ್ನೊಂದು ಮಹಡಿ ಖಾಲಿ ಇದೆ, ಬಾಡಿಗೆಗೆ ಕೇಳಲೇ?

ಆದರೆ ಫೆಬ್ರವರಿಯಲ್ಲೇ ಹೇಳಿದ್ದೆನಲ್ಲ, ನೀನು ಬಿಡು ಎಂದದ್ದನ್ನೆಲ್ಲ ಓದುತ್ತೇನೆ ಎಂದು. ಓದಿದ್ದೆ. ಗೆರೆ ಎಳೆದು, ಐದು ಗುರುತು ಮಾಡಿ, ಸಮಾಂತರ ಗೆರೆ ಎಳೆದು ಮುಗಿಸಿದೆ. ಆಮೇಲೆ ಸಮಯ ಉಳಿದಿತ್ತು. ಉತ್ತರ ಪತ್ರಿಕೆಯ ಕೊನೆಯ ಹಾಳೆಯಲ್ಲಿ ಒಂದು ವೃತ್ತ ಎಳೆದು ಸ್ಪರ್ಶಕವನ್ನೂ ಎಳೆದೆ. ಯಾರೂ ಕೇಳಿರಲಿಲ್ಲ. ಸರಿಯಾಗಿ ಬಂತು.

ಇಂತಿ,
ತಂಗಿ


ಮೇ 18

ತಂಗಿಗೆ,

ನೂರಕ್ಕೆ ನಲವತ್ತನಾಲ್ಕು. ನಿನಗಿಂತ ಮೊದಲು ನಾನೇ ನೋಡಿದೆ, ಏಪ್ರಿಲ್ ಪತ್ರದ ಹಿಂದೆ ನೀನು ಗೀಚಿದ್ದ ನೋಂದಣಿ ಸಂಖ್ಯೆ ಬರೆದಿಟ್ಟುಕೊಂಡಿದ್ದೆ. ಉಳಿದ ಐವತ್ತಾರು ಎಲ್ಲಿ ಹೋದವು ಎಂಬುದಕ್ಕೆ ವಿವರಣೆ ಬೇಕು.

ನೋಡಿದಾಗ ಸ್ಟಾಫ್ ರೂಮಿನಲ್ಲಿ ನಾನು ಕೂಗಿದ ಕೂಗಿಗೆ ದೈಹಿಕ ಶಿಕ್ಷಣದವರ ಕೈಯಲ್ಲಿದ್ದ ಟೀ ಚೆಲ್ಲಿತು. “ಯಾರು ಮೇಡಂ ಪಾಸಾಗಿದ್ದು?” ಎಂದರು. ನನ್ನ ತಂಗಿ ಎಂದೆ. ನನಗೆ ತಂಗಿ ಇದ್ದಾಳೆ ಎಂಬುದೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ನನಗೆ ಎಷ್ಟು ಅಂಕ ಎಂದು ನೀನೇ ಹಾಕು.

ಉಗ್ರಾಣದ ಬೀಗದ ಕೈ ಸಿಕ್ಕಿದ ದಿನ ಬರೆ. ಅಲ್ಲಿಯವರೆಗೆ ಬಲಗೈಗೆ ಬಿಸಿನೀರಿನ ಕಾವು ಕೊಡು, ಭಾರದ ಟ್ರಾಲಿ ಬೇರೆಯವರು ತಳ್ಳಲಿ. ಲೆಕ್ಕ ಬಿಡಬೇಡ, ಉಗ್ರಾಣದಲ್ಲಿ ಸರಾಸರಿ ಬೇಕಾಗುತ್ತದೆ, ನೀನು ಅದರಲ್ಲಿ ಇನ್ನೂ ಸುಮಾರು. ಈ ಪತ್ರದ ಕೊನೆಯಲ್ಲಿ ಒಂದು ಸಾಲು ಗಲೀಜಾಗಿದೆ, ಇನ್ನೊಂದು ಹಾಳೆಗೆ ಎತ್ತಿ ಬರೆಯಲು ಮನಸ್ಸಾಗಲಿಲ್ಲ.

ಅಕ್ಕ


ಮೇ 25

ಅಕ್ಕನಿಗೆ,

ಜೂನ್ ಒಂದಕ್ಕೆ ಬೀಗದ ಕೈ ಕೊಡುತ್ತಾರೆ. ಕುರ್ಚಿಯೂ ಇದೆ, ಗಾಲಿಯದ್ದು.

ನಿನ್ನ ಪತ್ರದ ಕೊನೆಯ ಸಾಲನ್ನು ಬೆಳಕಿಗೆ ಹಿಡಿದು ಓದಿದೆ. ‘ಒಂದು ಸಲ ಮನೆಗೆ ಬಾ’ ಎಂದು ಬರೆದಿದ್ದೀಯ. ಅದರ ಮೇಲೆ ಗೀಟು ಎಳೆದಿದ್ದೀಯ. ಅಂಚಿನಲ್ಲಿ ಏನು ಬರೆದಿದ್ದೀಯ ಎಂದು ನಿನಗೇ ಗೊತ್ತು. ಆ ಪದ ಇನ್ನು ಬರೆಯುವುದಿಲ್ಲ ಎಂದು ಮಾರ್ಚ್‌ನಲ್ಲಿ ದೊಡ್ಡದಾಗಿ ಹೇಳಿದವಳು ಯಾರು? ಎರಡು ತಿಂಗಳೂ ತಾಳಲಿಲ್ಲ.

ಇಸ್ತ್ರಿಯಕ್ಕನಿಗೆ ತೋರಿಸಿದೆ. “ಬರ್ಬೇಡ ಅಂತಿದಾಳೆ, ಬಿಡೇ,” ಎಂದಳು. ನಿನ್ನ ಎಂಟು ಜನರ ಜೊತೆ ಅವಳನ್ನೂ ಸೇರಿಸಿಕೋ.

ಇದು ಅಪ್ಪನ ಇರಲಿಯೋ ಅಮ್ಮನ ಇರಲಿಯೋ ಎಂದು ಪತ್ರ ಬರೆದು ಕೇಳುತ್ತಾ ಇನ್ನೊಂದು ಇಪ್ಪತ್ಮೂರು ವರ್ಷ ಕೂರಲು ನನಗೆ ಪುರುಸೊತ್ತಿಲ್ಲ. ಅಪ್ಪನದು ಎಂದುಕೊಂಡು ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೇನೆ. ಅಮ್ಮನದಾಗಿದ್ದರೆ ಬಾಗಿಲು ಹಾಕಿಕೊಂಡಿರು. ನಾನು ಮೆಟ್ಟಿಲ ಮೇಲೆ ಕೂತು, ನೀನು ತೆಗೆಯುವವರೆಗೆ, ಆ ಐವತ್ತಾರು ಅಂಕ ಎಲ್ಲಿ ಹೋದವು ಎಂದು ಹುಡುಕುತ್ತಿರುತ್ತೇನೆ.

ಇಂತಿ,
ನಿನ್ನ ತಂಗಿ